ರಬ್ಬರ್ ಡೋಮ್ ಕೀಬೋರ್ಡ್‌ಗೆ ಯಾವ ಗ್ರೀಸ್? ನನ್ನ ಅನುಭವ

ಮೆಕ್ಯಾನಿಕಲ್ ಸ್ವಿಚ್‌ಗಳನ್ನೇ ನೆಚ್ಚಿಕೊಂಡ ಗೆಳೆಯರಿಗೆ ರಬ್ಬರ್ ಡೋಮ್ (ಕೀ ಒತ್ತಿದಾಗ ಕುಸಿದು ಮತ್ತೆ ಮೇಲೇಳುವ ಪುಟ್ಟ ರಬ್ಬರ್ ಗುಮ್ಮಟ) ಎಂದರೆ ತಾತ್ಸಾರ. ಅಂಥ ಕೀಬೋರ್ಡಿಗೆ ಲ್ಯೂಬ್, ಅಂದರೆ ಜಾರಲು ನೆರವಾಗುವ ಗ್ರೀಸ್, ಹಚ್ಚುತ್ತೇನೆ ಎಂದಾಗ, ಎಣ್ಣೆಗೂ ರಬ್ಬರಿಗೂ ಆಗಿಬರುವುದಿಲ್ಲ, ತಿಂಗಳೊಪ್ಪತ್ತಿನಲ್ಲಿ ಡೋಮ್ ಹಾಳೆ ಕಸದ ಬುಟ್ಟಿ ಸೇರುತ್ತದೆ ಎಂದು ಭವಿಷ್ಯ ನುಡಿದರು. ಹಚ್ಚಿ ವರ್ಷದ ಮೇಲಾಯಿತು. ದಿನಕ್ಕೆ ಏಳೆಂಟು ಗಂಟೆ ಬಡಿತ ತಿನ್ನುವ ಕೀಬೋರ್ಡ್ ಅದು. ಒಂದು ಡೋಮ್ ಕೂಡ ಉಬ್ಬಿಲ್ಲ, ಕೀಯ ಜೊತೆ ಮೇಲೆ ಕೆಳಗೆ ಓಡಾಡುವ ಪ್ಲಾಸ್ಟಿಕ್ ತುಂಡುಗಳಾದ ಸ್ಲೈಡರ್‌ಗಳ ಕರಕರ ಸದ್ದು ಅಡಗಿದೆ.

ಗೆಳೆಯರ ಮಾತು ಪೂರ್ತಿ ಸುಳ್ಳೂ ಅಲ್ಲ. ಯಾವ ಎಣ್ಣೆ, ಯಾವ ರಬ್ಬರ್ ಎಂದು ಅವರು ಕೇಳಿಕೊಂಡಿರಲಿಲ್ಲ, ಅಷ್ಟೆ. ‘ರಬ್ಬರಿಗೆ ಸಿಲಿಕೋನ್ ಗ್ರೀಸ್ ಸುರಕ್ಷಿತ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಲ್ಲಿಯ ವಾಷರ್‌ಗೆ ಅದು ಸರಿ. ಆದರೆ ಒಳ್ಳೆಯ ಡೋಮ್‌ಗಳು ಬಹುತೇಕ ಸಿಲಿಕೋನ್ ರಬ್ಬರಿನವೇ. ಸಿಲಿಕೋನ್ ಎಣ್ಣೆ ತನ್ನದೇ ಜಾತಿಯ ರಬ್ಬರಿನೊಳಗೆ ನುಸುಳಿ ಅದನ್ನು ಉಬ್ಬಿಸುತ್ತದೆ, ಮೆತ್ತಗಾಗಿಸುತ್ತದೆ.

ನಂಬುವ ಮೊದಲು ಪರೀಕ್ಷಿಸಿದೆ. ಕೆಟ್ಟ ಕೀಬೋರ್ಡೊಂದರ ಹಾಳೆಯಿಂದ ಡೋಮ್‌ಗಳನ್ನು ಕತ್ತರಿಸಿ ಬಾಟಲಿ ಮುಚ್ಚಳಗಳಲ್ಲಿಟ್ಟೆ. ಒಂದಕ್ಕೆ ಸಿಲಿಕೋನ್ ಗ್ರೀಸ್, ಒಂದಕ್ಕೆ ಹೊಲಿಗೆ ಯಂತ್ರದ ಎಣ್ಣೆ, ಒಂದಕ್ಕೆ ಪೆಟ್ರೋಲಿಯಂ ಜೆಲ್ಲಿ, ಒಂದಕ್ಕೆ ಪಿಎಫ್‌ಪಿಇ (ಪರ್ಫ್ಲೋರೊಪಾಲಿಈಥರ್ ಎಂಬ ಫ್ಲೋರಿನ್ ಇರುವ ಎಣ್ಣೆಯ) ಗ್ರೀಸ್, ಹೋಲಿಕೆಗೆಂದು ಒಂದು ಒಣ ಡೋಮ್. ಎಲ್ಲವನ್ನೂ ಬೆಚ್ಚಗಿರುವ ರೌಟರ್ ಮೇಲೆ ಸಾಲಾಗಿಟ್ಟೆ. ಕೆಲವು ವಾರಗಳ ನಂತರ ಕ್ಯಾಲಿಪರ್ ಹಿಡಿದರೆ ಸಿಲಿಕೋನ್ ಗ್ರೀಸಿನ ಡೋಮ್ ಅರ್ಧ ಮಿಲಿಮೀಟರ್‌ಗೂ ಹೆಚ್ಚು ಹಿಗ್ಗಿತ್ತು. ಒತ್ತಿದರೆ ಟಪ್ಪೆನ್ನುವ ಗುಣವೇ ಹೋಗಿ ಹಳಸಿದ ಇಡ್ಲಿಯಂತಾಗಿತ್ತು. ಯಂತ್ರದ ಎಣ್ಣೆಯೂ ಕಡಿಮೆಯೇನಲ್ಲ. ಪೆಟ್ರೋಲಿಯಂ ಜೆಲ್ಲಿ ನಿಧಾನವಾಗಿ ಅದೇ ಕೆಲಸ ಮಾಡುತ್ತಿತ್ತು. ಪಿಎಫ್‌ಪಿಇಯ ಡೋಮ್‌ಗೂ ಒಣ ಡೋಮ್‌ಗೂ ಅಳತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ಅಗ್ಗದ ಕೀಬೋರ್ಡಿನ ಹಾಳೆ ಲೆಕ್ಕವನ್ನೇ ತಿರುವುಮುರುವು ಮಾಡಿತು. ಅಲ್ಲಿ ಸಿಲಿಕೋನ್ ಗ್ರೀಸ್ ಏನೂ ಮಾಡಲಿಲ್ಲ, ಯಂತ್ರದ ಎಣ್ಣೆ ಮಾತ್ರ ಡೋಮನ್ನು ಜಿಡ್ಡುಮುದ್ದೆ ಮಾಡಿತು. ಎಣ್ಣೆ ಸೋಕದ ಚೂರೊಂದನ್ನು ಬಯಲಿನಲ್ಲಿ ಸುಟ್ಟು ನೋಡಿದೆ: ಕಪ್ಪು ಮಸಿ. ಸಿಲಿಕೋನ್ ಆಗಿದ್ದರೆ ಬಿಳಿ ಬೂದಿ ಉಳಿಯಬೇಕಿತ್ತು. ಪಿಎಫ್‌ಪಿಇ ತಾಗಿದ ಚೂರನ್ನು ಮಾತ್ರ ಎಂದೂ ಸುಡಬೇಡಿ, ಆ ಹೊಗೆ ವಿಷ. ಹಚ್ಚಿದ ಕೈಯಲ್ಲಿ ಸಿಗರೇಟು ಹಿಡಿಯುವುದೂ ಬೇಡ.

ಹೀಗೆ ಎರಡೂ ಬಗೆಯ ರಬ್ಬರಿಗೆ ಒಗ್ಗಿದ್ದು ಪಿಎಫ್‌ಪಿಇ ಒಂದೇ. ನಾನು ಬಳಸಿದ್ದು ಕ್ರೈಟಾಕ್ಸ್ ಜಿಪಿಎಲ್ 205 ಗ್ರೇಡ್ 0. ಟೋಪ್ರೆ ಎಂಬ ಜಪಾನಿನ ರಬ್ಬರ್ ಡೋಮ್ ಕೀಬೋರ್ಡ್ ಬಳಸುವವರು ತೆಳುವಾದ ಟ್ರೈಬೋಸಿಸ್ 3204 ಅನ್ನು ಮೆಚ್ಚುತ್ತಾರೆ. ಬೆಲೆಯ ವಿಷಯ ಕೇಳಬೇಡಿ, ಆ ಪುಟ್ಟ ಡಬ್ಬಿಗೆ ಕೊಟ್ಟ ಹಣದಲ್ಲಿ ಇಂಥದೇ ಇನ್ನೊಂದು ಕೀಬೋರ್ಡ್ ಬಂದು ಚಿಲ್ಲರೆಯೂ ಉಳಿಯುತ್ತಿತ್ತು. ತೆರೆದರೆ ಅರ್ಧ ಖಾಲಿ! ಮೋಸ ಹೋದೆನೆಂದು ತೂಗಿದೆ, ತೂಕ ಸರಿಯಾಗಿಯೇ ಇತ್ತು. ಈ ವಸ್ತು ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಆದರೂ 104 ಕೀಗಳಿಗೆ ಒಂದು ಗ್ರಾಂ ಕೂಡ ಹಿಡಿಯಲಿಲ್ಲ.

ಕುಂಚವನ್ನು ಬಹುತೇಕ ಒಣಗುವಷ್ಟು ಒರೆಸಿಕೊಂಡು, ಸ್ಲೈಡರ್‌ನ ಪಕ್ಕದ ಗೋಡೆಗಳಿಗೂ ಅದು ಓಡಾಡುವ ಕೊಳವೆಯ ಒಳಮೈಗೂ ಮಾತ್ರ ಹಚ್ಚಿದೆ. ಸ್ಲೈಡರ್ ಡೋಮ್ ಮೇಲೆ ಕೂರುವ ತುದಿಗೆ ಸೋಕಿಸಲಿಲ್ಲ. ಕೆಳಗಿನ ಮೆಂಬ್ರೇನ್, ಅಂದರೆ ಒತ್ತಿದ ಕೀಯನ್ನು ಗುರುತಿಸುವ ಪದರಪದರದ ಸರ್ಕ್ಯೂಟ್ ಹಾಳೆಯ ಹತ್ತಿರವಂತೂ ಕುಂಚ ಹೋಗಲೇಬಾರದು. ಪದರಗಳ ನಡುವೆ ಜಿಡ್ಡು ಇಳಿದರೆ ಆ ಕೀ ಮೂಕವಾಗುತ್ತದೆ. ಗ್ರೀಸ್ ಹೆಚ್ಚಾದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೆಗೆಯಲಾಗದು, ಅದರಲ್ಲಿ ಪಿಎಫ್‌ಪಿಇ ಕರಗುವುದಿಲ್ಲ. ಬಟ್ಟೆಯಿಂದ ಒರೆಸಿ, ಪಾತ್ರೆ ಸೋಪು ಮತ್ತು ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕುವುದೇ ದಾರಿ. ಸ್ಪೇಸ್ ಬಾರ್‌ಗೆ ಇದೇ ಗ್ರೀಸಿಗೆ ಅದೇ ಬಗೆಯ ಎಣ್ಣೆ ಬೆರೆಸಿಕೊಳ್ಳುತ್ತೇನೆ. ಅನುಪಾತ ಮಾತ್ರ ನನ್ನ ಬಳಿಯೇ ಇರಲಿ.

ನಡುವೆ ಬೇರೆ ಆಟಗಳನ್ನೂ ಆಡಿದೆ. ತುಕ್ಕು ಬಿಡಿಸುವ ಸ್ಪ್ರೇಯೊಂದನ್ನು ಎಬಿಎಸ್ ಪ್ಲಾಸ್ಟಿಕ್ಕಿನ ಸ್ಲೈಡರ್‌ಗಳಿಗೆ ಹೊಡೆದಾಗ ಕೆಲವು ದಿನಗಳಲ್ಲೇ ಒಂದೆರಡರ ಕಾಲು ಕೂದಲೆಳೆಯಷ್ಟು ಸೀಳಿತು. ಪಿಒಎಂ ಎಂಬ ಬೇರೆ ಪ್ಲಾಸ್ಟಿಕ್ಕಿನ ಸ್ಲೈಡರ್‌ಗಳಿಗೆ ಏನೂ ಆಗಲಿಲ್ಲ. ಪೆನ್ಸಿಲ್ ಗ್ರಾಫೈಟ್ ಉಜ್ಜಿದರೆ ಜಾರುತ್ತದೆ, ನಿಜ, ಆದರೆ ಕೀಕ್ಯಾಪ್ ಅಂಚೆಲ್ಲ ಕಪ್ಪು. ಮೇಲಾಗಿ ಅದು ವಿದ್ಯುತ್ ಹರಿಸುವ ಪುಡಿ. ಸರ್ಕ್ಯೂಟ್ ಮೇಲೆ ಉದುರಿಸುವ ಧೈರ್ಯ ನನಗಿಲ್ಲ, ತೊಳೆದುಬಿಟ್ಟೆ.

ಅಂಕಿಗಳ ಬದಿಯ ಎಂಟರ್ ಕೀ ಇನ್ನೂ ಕಿರುಗುಟ್ಟುತ್ತದೆ. ಉದ್ದ ಕೀ ಓರೆಯಾಗದಂತೆ ಹಿಡಿಯುವ ಅದರ ಸ್ಟೆಬಿಲೈಸರ್ ತಂತಿ ತುಸು ಬಾಗಿದೆ, ಮುಂದಿನ ಸಲ ಬಿಚ್ಚಿದಾಗ ನೇರಮಾಡಬೇಕು.