ಸದ್ದು ಕೇಳಿ ಸೆನ್ಸರ್ ಎಲ್ಲಿದೆ ಎಂದು ಹುಡುಕುವುದು ಹೇಗೆ

ಬಯಲಲ್ಲಿ ಹನ್ನೆರಡು ಸೆನ್ಸರ್ ನೋಡ್‌ಗಳನ್ನು, ಅಂದರೆ ಮೈಕ್, ಸ್ಪೀಕರ್, ರೇಡಿಯೊ ಇರುವ ಪುಟ್ಟ ಸಾಧನಗಳನ್ನು, ಹರಡಿದ್ದೆ. ಟೇಪ್ ಹಿಡಿದು ಎಲ್ಲದರ ಜಾಗ ಅಳೆಯುವಷ್ಟರಲ್ಲಿ ಸಂಜೆಯಾಯಿತು. ಮರುದಿನ ನೋಡಿದರೆ ಯಾರೋ ಎರಡನ್ನು ಸರಿಸಿದ್ದರು. ಅಂದಿನಿಂದ ಅಳೆಯುವ ಕೆಲಸವನ್ನು ನೋಡ್‌ಗಳಿಗೇ ಒಪ್ಪಿಸಿದ್ದೇನೆ.

ಒಂದು ನೋಡ್ ಸದ್ದು ಮಾಡಿ, ಅದು ಹೊರಟ ಸಮಯವನ್ನು ರೇಡಿಯೊದಲ್ಲಿ ತಿಳಿಸುತ್ತದೆ. ಉಳಿದವು ಸದ್ದು ತಲುಪಿದ ಸಮಯ ಬರೆದುಕೊಳ್ಳುತ್ತವೆ. ನಡುವಿನ ಸಮಯವನ್ನು ಸದ್ದಿನ ವೇಗದಿಂದ ಗುಣಿಸಿದರೆ ದೂರ ಸಿಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ 1 ಮಿಲಿಸೆಕೆಂಡ್ ತಪ್ಪಿದರೆ ದೂರದಲ್ಲಿ 34 ಸೆಂಟಿಮೀಟರ್ ತಪ್ಪು.

ಅದಕ್ಕೇ ಮೊದಲು ಗಡಿಯಾರ ಸರಿಮಾಡಿಕೊಳ್ಳಿ. ಎರಡು ನೋಡ್‌ಗಳ ಗಡಿಯಾರ ನಡೆಸುವ ಕ್ರಿಸ್ಟಲ್‌ಗಳ ನಡುವೆ 40 ಪಿಪಿಎಂ (ಹತ್ತು ಲಕ್ಷಕ್ಕೆ 40 ಭಾಗ) ವ್ಯತ್ಯಾಸ ಇದ್ದರೆ ಆ ಗಡಿಯಾರಗಳು ನಿಮಿಷಕ್ಕೆ 2.4 ಮಿಲಿಸೆಕೆಂಡ್ ದೂರ ಸರಿಯುತ್ತವೆ. ಒಮ್ಮೆ ಹೊಂದಿಸಿ ಬಿಟ್ಟರೆ ಸಾಲದು. ಆಗಾಗ ಸಮಯದ ಸಂದೇಶ ಕಳಿಸಿ, ಎರಡು ಗಡಿಯಾರಗಳ ಸಮಯವನ್ನು ಗ್ರಾಫ್‌ನಲ್ಲಿ ಬಿಂದುಗಳಾಗಿ ಇಟ್ಟು, ಹತ್ತಾರು ಬಿಂದುಗಳಿಗೆ ಒಂದು ಗೆರೆ ಹೊಂದಿಸಿ. ಆಗ ಗಡಿಯಾರ ಎಷ್ಟು ಹಿಂದಿದೆ ಎನ್ನುವುದರ ಜೊತೆಗೆ ಎಷ್ಟು ವೇಗವಾಗಿ ಜಾರುತ್ತಿದೆ ಎಂಬುದೂ ತಿಳಿಯುತ್ತದೆ.

ನಾನು ಜಾಸ್ತಿ ದಿನ ಕಳೆದುಕೊಂಡಿದ್ದು ಇಲ್ಲೇ. ಸಂದೇಶವನ್ನು ರೇಡಿಯೊಗೆ ಕೊಡುವಾಗ ಪ್ರೋಗ್ರಾಂನಲ್ಲಿ ಸಮಯ ಬರೆಯುತ್ತಿದ್ದೆ. ಆದರೆ ಚಾನೆಲ್ ಖಾಲಿಯಾಗುವವರೆಗೆ ರೇಡಿಯೊ ಕಾಯುತ್ತದಲ್ವಾ? ಆ ಕಾಯುವಿಕೆ ಪ್ರತಿ ಸಲ ಬೇರೆ. 2004ರಲ್ಲಿ ಬಂದ ಎಫ್‌ಟಿಎಸ್‌ಪಿ ಎಂಬ, ನೋಡ್‌ಗಳ ಗಡಿಯಾರ ಹೊಂದಿಸುವ ವಿಧಾನದಲ್ಲಿ ಸಂದೇಶ ನಿಜವಾಗಿ ಹೊರಡುವ ಕ್ಷಣದಲ್ಲೇ ಸಮಯವನ್ನು ಅದರೊಳಗೆ ತುಂಬುತ್ತಾರೆ. ಹಾಗೆ ಮಾಡಿದ ಮೇಲೆ ನನ್ನ ತಪ್ಪು ಮಿಲಿಸೆಕೆಂಡುಗಳಿಂದ ಮೈಕ್ರೊಸೆಕೆಂಡುಗಳಿಗೆ ಇಳಿಯಿತು.

ಸ್ಪೀಕರ್‌ದೂ ಇದೇ ಕಥೆ. ‘ಪ್ಲೇ’ ಎಂದ ಕೂಡಲೇ ಸದ್ದು ಹೊರಡುವುದಿಲ್ಲ, ಸದ್ದನ್ನು ಸ್ವಲ್ಪ ಹೊತ್ತು ಕೂಡಿಟ್ಟುಕೊಳ್ಳುವ ಬಫರ್ ತಡಮಾಡುತ್ತದೆ. ನೋಡ್‌ನ ಮೈಕ್‌ಗೆ ತನ್ನದೇ ಸ್ಪೀಕರ್‌ನ ಸದ್ದು ಕೇಳಿದ ಕ್ಷಣವನ್ನೇ ಹೊರಟ ಸಮಯ ಅಂತ ಇಟ್ಟುಕೊಳ್ಳಿ.

ಸುಮ್ನೆ ‘ಬೀಪ್’ ಸಾಕಾಗುವುದಿಲ್ಲ. 2ರಿಂದ 6 ಕಿಲೋಹರ್ಟ್ಸ್‌ವರೆಗೆ ಸ್ವರ ಏರುತ್ತಾ ಹೋಗುವ 50 ಮಿಲಿಸೆಕೆಂಡಿನ ಸದ್ದು, ಅಂದರೆ ಚಿರ್ಪ್ ಬಳಸಿ. ಮೈಕ್‌ನಲ್ಲಿ ಬಂದದ್ದನ್ನು ಆ ಚಿರ್ಪ್ ಜೊತೆ ಕ್ರಾಸ್ ಕೋರಿಲೇಶನ್ ಮಾಡಿದರೆ, ಅಂದರೆ ಚಿರ್ಪ್ ಅನ್ನು ಸರಿಸುತ್ತಾ ಎಲ್ಲಿ ಎಷ್ಟು ಹೊಂದುತ್ತದೆ ಎಂದು ಲೆಕ್ಕ ಹಾಕಿದರೆ, ಹೊಂದುವ ಕಡೆ ಗದ್ದಲದ ನಡುವೆಯೂ ಚೂಪಾದ ಶಿಖರ ಏಳುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್‌ಗಳಂತೆ ರೆಕಾರ್ಡ್ ಮಾಡಿದರೆ, ಒಂದು ಸ್ಯಾಂಪಲ್‌ನ ಹೊತ್ತಿನಲ್ಲಿ ಸದ್ದು ಸಾಗುವುದು ಸುಮಾರು 7 ಮಿಲಿಮೀಟರ್.

ಎಲ್ಲಕ್ಕಿಂತ ಎತ್ತರದ ಶಿಖರವನ್ನು ಮಾತ್ರ ನಂಬಬೇಡಿ. ನನ್ನ ಒಂದು ನೋಡ್ ಇದ್ದ ಜಾಗಕ್ಕಿಂತ 3 ಮೀಟರ್ ಆಚೆ ಕಾಣಿಸುತ್ತಿತ್ತು. ಎದುರಿಗೆ ಮರದ ಪೆಟ್ಟಿಗೆ ಅಡ್ಡ ಇತ್ತು, ಪಕ್ಕದ ಗೋಡೆಯ ಪ್ರತಿಧ್ವನಿಯೇ ನೇರ ಸದ್ದಿಗಿಂತ ಜೋರಾಗಿತ್ತು. ಗದ್ದಲದ ಮಟ್ಟ ದಾಟುವ ಮೊದಲ ಶಿಖರವನ್ನು ಹಿಡಿಯಿರಿ. ನೇರ ದಾರಿಗಿಂತ ಬೇಗ ಬರುವ ದಾರಿ ಇನ್ನೊಂದಿಲ್ಲ.

ಉಷ್ಣತೆ 1 ಡಿಗ್ರಿ ಏರಿದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಒಂದು ನೋಡ್‌ಗಾದರೂ ಥರ್ಮಾಮೀಟರ್ ಇರಲಿ. ಗಾಳಿ ಬೀಸುತ್ತಿದ್ದರೆ ಎರಡೂ ಕಡೆಯಿಂದ ಅಳೆದು ಸರಾಸರಿ ತೆಗೆಯಿರಿ.

ಇನ್ನು ಜಾಗ. ಸಮತಟ್ಟು ನೆಲದಲ್ಲಿ ಜಾಗ ಗೊತ್ತಿರುವ ಮೂರು ನೋಡ್‌ಗಳು ಬೇಕು, ಒಂದೇ ಗೆರೆಯಲ್ಲಿ ಇಡಬೇಡಿ. ಹೆಚ್ಚು ದೂರಗಳು ಸಿಕ್ಕಿದರೆ ಎಲ್ಲವನ್ನೂ ಲೀಸ್ಟ್ ಸ್ಕ್ವೇರ್ಸ್‌ಗೆ ಕೊಡಿ; ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವ ಜಾಗವನ್ನು ಆ ಲೆಕ್ಕ ಹುಡುಕುತ್ತದೆ. ಹೊಂದದೆ ಉಳಿಯುವ ದೂರವನ್ನು ಅಳಿಸುವ ಮೊದಲು ಎದ್ದು ಹೋಗಿ ಆ ನೋಡ್‌ನ ಸುತ್ತ ಕಣ್ಣಾಡಿಸಿ. ನನಗೆ ಆ ಪೆಟ್ಟಿಗೆ ಕಂಡದ್ದು ಹಾಗೆಯೇ.