ಹತ್ತು ದಿನದ ಹಿಂದಿನ ವಿಡಿಯೊ ಎಲ್ಲಿ ಹೋಯ್ತು?

ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಸುಗ್ಗಿಯಲ್ಲಿ ಅಂಗಳದ ತುಂಬಾ ಅಡಿಕೆ ಒಣಗುತ್ತಿರುತ್ತದೆ, ಅದಕ್ಕೇ ನಾಲ್ಕು ಐಪಿ ಕ್ಯಾಮೆರಾ ಹಾಕಿಸಿದ್ದೆ. ಒಂದು ದಿನ ಎಣಿಸಿದರೆ ಎರಡು ಚೀಲ ಕಡಿಮೆ. ಹತ್ತು ದಿನದ ಹಿಂದಿನ ರೆಕಾರ್ಡಿಂಗ್ ಹುಡುಕಿದೆ. ಆರು ದಿನಕ್ಕಿಂತ ಹಳೆಯದು ಏನೂ ಇಲ್ಲ! ಹೊಟ್ಟೆ ಉರಿದುಹೋಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ವಿಡಿಯೊ ಕುಗ್ಗಿಸಿ ಕಳಿಸುವುದು ಕ್ಯಾಮೆರಾ ಕೆಲಸ. ಎನ್‌ವಿಆರ್, ಅಂದರೆ ರೆಕಾರ್ಡ್ ಮಾಡುವ ಡಬ್ಬಿ, ಅದನ್ನು ಹಾರ್ಡ್ ಡಿಸ್ಕಿಗೆ ಬರೆಯುತ್ತದೆ, ತುಂಬಿದ ಮೇಲೆ ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ನಮ್ಮ ಕ್ಯಾಮೆರಾ ಒಂದೊಂದೂ ಸೆಕೆಂಡಿಗೆ 4 ಮೆಗಾಬಿಟ್. ಅಂದರೆ ದಿನಕ್ಕೆ 43 ಜಿಬಿ, ನಾಲ್ಕೂ ಸೇರಿ 173. ಇದ್ದದ್ದು 1 ಟಿಬಿ ಡಿಸ್ಕ್. ಆರು ದಿನಕ್ಕೂ ಸಾಲದು ಅಲ್ವಾ?

ಓಡಾಟ ಕಂಡಾಗ ಮಾತ್ರ ರೆಕಾರ್ಡ್ ಆಗಲಿ ಅಂತ ಮೊದಲು ಇಟ್ಟು ನೋಡಿದೆ. ನಮ್ಮ ಕಡೆ ಅದು ನಡೆಯಲ್ಲ. ರಾತ್ರಿ ಮಳೆ ಹನಿ, ಬೆಳಕಿಗೆ ಮುತ್ತುವ ಹುಳ, ಎಲ್ಲವೂ ಓಡಾಟವೇ.

ವಿಡಿಯೊವನ್ನು ಇನ್ನೂ ಚಿಕ್ಕದಾಗಿ ಕುಗ್ಗಿಸುವ ವಿಧಾನ ಎಚ್.265. ಹಳೆ ಡಬ್ಬಿಗೆ ಅದು ಗೊತ್ತಿರಲಿಲ್ಲ, ಕ್ಯಾಮೆರಾಗಳಿಗೆ ಗೊತ್ತಿತ್ತು. ಅದಕ್ಕೇ ಎಂಟು ಚಾನೆಲ್‌ನ ಪಿಒಇ ಎನ್‌ವಿಆರ್ ತಂದೆ. ಪಿಒಇ ಅಂದರೆ ಒಂದೇ ಕೇಬಲ್‌ನಲ್ಲಿ ಕರೆಂಟೂ ವಿಡಿಯೊನೂ. ಜೊತೆಗೆ ಸಿಸಿಟಿವಿಗೆಂದೇ ಮಾಡಿದ 4 ಟಿಬಿ ಡಿಸ್ಕ್. ಸೆಕೆಂಡಿಗೆ 2 ಮೆಗಾಬಿಟ್‌ಗೆ ಇಳಿಸಿದೆ, ಮುಖ ಸ್ಪಷ್ಟವಾಗೇ ಕಾಣುತ್ತದೆ. ಈಗ ಒಂದೂವರೆ ತಿಂಗಳು ಉಳಿಯುತ್ತದೆ.

ಕೊಟ್ಟಿಗೆ ಕ್ಯಾಮೆರಾ ಮಾತ್ರ ಆಗಾಗ ಸಾಯುತ್ತಿತ್ತು. ಕನೆಕ್ಟರ್ ಬಿಚ್ಚಿದರೆ ಪಿನ್‌ಗಳ ಮೇಲೆ ಹಸಿರು ಕಿಲುಬು. ತುದಿ ಕತ್ತರಿಸಿ ಹೊಸದು ಹಾಕಿದೆ, ನೀರು ಹೋಗದ ಡಬ್ಬಿಯೊಳಗೆ ಮುಚ್ಚಿದೆ. ಆಮೇಲೆ ಒಮ್ಮೆಯೂ ನಿಂತಿಲ್ಲ.