ಆಟೋಮ್ಯಾಪರ್ ಆ್ಯಪನ್ನು ನಿಧಾನ ಮಾಡುತ್ತಿದೆಯೇ? ಪತ್ತೆ ಹಚ್ಚುವುದು ಹೀಗೆ

ಡೇಟಾಬೇಸ್‌ನ ಗ್ರಾಹಕರ ಟೇಬಲ್‌ನಲ್ಲಿ ನಲವತ್ತು ಕಾಲಂ ಇರುತ್ತವೆ. ಮೊಬೈಲ್ ಪರದೆಗೆ ಬೇಕಾಗಿದ್ದು ಹೆಸರು, ಊರು, ಬಾಕಿ, ಇಷ್ಟೇ. ಒಂದು ಆಬ್ಜೆಕ್ಟ್‌ನಿಂದ ಇನ್ನೊಂದಕ್ಕೆ ಇವನ್ನು ಸಾಲು ಸಾಲಾಗಿ ಬರೆಯುತ್ತಾ ಕೂರುವುದು ಬೇಜಾರಿನ ಕೆಲಸ, ಅಲ್ವಾ? ಅದಕ್ಕೇ ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಬಹಳ ಜನ ಈ ನಕಲು ಕೆಲಸವನ್ನು ತಾನೇ ಮಾಡಿಕೊಡುವ ಆಟೋಮ್ಯಾಪರ್ ಎಂಬ ಲೈಬ್ರರಿ ಬಳಸುತ್ತಾರೆ. ಆ್ಯಪ್ ನಿಧಾನವಾದಾಗ ಮೊದಲು ಬೈಸಿಕೊಳ್ಳುವುದೂ ಅದೇ.

ಬೈಯುವ ಮುಂಚೆ ಅಳೆಯಿರಿ. ಕೋಡ್‌ನ ವೇಗ ಅಳೆಯುವ ಬೆಂಚ್‌ಮಾರ್ಕ್‌ಡಾಟ್‌ನೆಟ್ ಹಾಕಿ, ಕೈಯಾರೆ ಬರೆದ ಕೋಡನ್ನೂ ಆಟೋಮ್ಯಾಪರನ್ನೂ ರಿಲೀಸ್ ಬಿಲ್ಡ್‌ನಲ್ಲಿ ಓಡಿಸಿ. ಕೈಯಾರೆ ಬರೆದದ್ದೇ ವೇಗ, ಅನುಮಾನವಿಲ್ಲ. ಆದರೆ ಚಿಕ್ಕ ಆಬ್ಜೆಕ್ಟ್‌ಗೆ ಆ ವ್ಯತ್ಯಾಸ ನ್ಯಾನೋಸೆಕೆಂಡ್‌ಗಳ ಲೆಕ್ಕದ್ದು. ಡೇಟಾಬೇಸ್‌ಗೆ ಹೋಗಿಬರಲು ಒಂದು ಮಿಲಿಸೆಕೆಂಡ್ ಹಿಡಿದರೂ ಅದು 10 ಲಕ್ಷ ನ್ಯಾನೋಸೆಕೆಂಡ್!

ಆಮೇಲೆ ಕಾನ್ಫಿಗರೇಶನ್ ನೋಡಿ. ಆಟೋಮ್ಯಾಪರ್ ಮ್ಯಾಪಿಂಗ್ ನಿಯಮಗಳನ್ನು ಒಮ್ಮೆ ಕಂಪೈಲ್ ಮಾಡಿಟ್ಟುಕೊಂಡು ಮತ್ತೆ ಮತ್ತೆ ಬಳಸುತ್ತದೆ. ಪ್ರತಿ ರಿಕ್ವೆಸ್ಟ್‌ಗೂ ಹೊಸ ಮ್ಯಾಪರ್‌ಕಾನ್ಫಿಗರೇಶನ್ ಸೃಷ್ಟಿಸಿದರೆ ಆ ಕೆಲಸವೆಲ್ಲ ಪ್ರತಿ ಸಲವೂ ಆಗುತ್ತದೆ. ಇಡೀ ಆ್ಯಪ್‌ಗೆ ಒಂದೇ ಇರಲಿ.

ನಿಜವಾದ ಏಟು ಬೀಳುವುದು ಬೇರೆ ಕಡೆ. ಡೇಟಾಬೇಸ್ ಸಾಲುಗಳನ್ನು ಆಬ್ಜೆಕ್ಟ್‌ಗಳಾಗಿ ತಂದುಕೊಡುವ ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನಲ್ಲಿ ಲೇಜಿ ಲೋಡಿಂಗ್, ಅಂದರೆ ಸಂಬಂಧಿಸಿದ ಡೇಟಾವನ್ನು ಮುಟ್ಟಿದಾಗಷ್ಟೇ ತರುವ ವ್ಯವಸ್ಥೆ, ಆನ್ ಆಗಿದೆ ಅನ್ನಿ. 200 ಆರ್ಡರ್‌ಗಳನ್ನು ಟುಲಿಸ್ಟ್‌ನಿಂದ (ಕ್ವೆರಿ ಓಡಿಸಿ ಪಟ್ಟಿ ಕೊಡುವ ಕರೆ) ತಂದು ಮ್ಯಾಪ್ ಮಾಡುತ್ತೀರಿ. ಪರದೆಯ ಆಬ್ಜೆಕ್ಟ್‌ನಲ್ಲಿ 'ಕಸ್ಟಮರ್‌ನೇಮ್' ಎಂಬ ಫೀಲ್ಡ್ ಇದೆ. ಆಟೋಮ್ಯಾಪರ್ ಹೆಸರು ನೋಡಿಯೇ ಆರ್ಡರ್‌ನ ಕಸ್ಟಮರ್, ಅದರೊಳಗಿನ ನೇಮ್ ಎಂದು ಹುಡುಕಿಕೊಂಡು ಹೋಗುತ್ತದೆ. 200 ಆರ್ಡರ್‌ಗೂ ಬೇರೆ ಬೇರೆ ಗ್ರಾಹಕರಿದ್ದರೆ ಆರ್ಡರ್‌ಗಳಿಗೆ ಒಂದು, ಒಬ್ಬೊಬ್ಬ ಗ್ರಾಹಕರಿಗೆ ಒಂದೊಂದು, ಒಟ್ಟು 201 ಕ್ವೆರಿ! ಕೋಡ್‌ನಲ್ಲಿ ಕಾಣುವುದು ಮಾತ್ರ ಒಂದೇ ಸಾಲು. ಅದಕ್ಕೇ ಇದು ಎಷ್ಟೋ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನ ಲಾಗ್‌ಟು ಬಳಸಿ, ಡೇಟಾಬೇಸ್‌ಗೆ ಹೋಗುವ ಎಸ್‌ಕ್ಯೂಎಲ್ ಕ್ವೆರಿಗಳ ಲಾಗ್ ಆನ್ ಮಾಡಿ, ಪುಟವನ್ನು ಒಮ್ಮೆ ತೆರೆಯಿರಿ. ಒಂದೇ ಥರದ ಸೆಲೆಕ್ಟ್ ಸಾಲುಗಳು ಸರಸರ ಉದುರಿದರೆ ಕಳ್ಳ ಸಿಕ್ಕಿದ ಹಾಗೆ. ಈಗ ಟುಲಿಸ್ಟ್‌ಗೆ ಮುಂಚೆಯೇ ಆಟೋಮ್ಯಾಪರ್‌ನದೇ ಪ್ರಾಜೆಕ್ಟ್‌ಟು ಹಾಕಿ. ಆಗ ಬೇಕಾದ ಕಾಲಂಗಳಷ್ಟೇ, ಟೇಬಲ್‌ಗಳನ್ನು ಜೋಡಿಸುವ ಜಾಯಿನ್ ಸಮೇತ, ಒಂದೇ ಕ್ವೆರಿಯಲ್ಲಿ ಬರುತ್ತವೆ. ಇದೊಂದು ಬದಲಾವಣೆಯಿಂದ ಸಿಗುವ ಲಾಭ ಲೈಬ್ರರಿ ಬದಲಿಸಿದರೂ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಲಕ್ಷಾಂತರ ದಾಖಲೆಗಳನ್ನು ಮೆಮೊರಿಯಲ್ಲೇ ತಿರುಗಿಸುವ ಕೆಲಸವಾದರೆ ಮಾತು ಬೇರೆ. ಅಲ್ಲಿ ನ್ಯಾನೋಸೆಕೆಂಡ್‌ಗಳೂ ಕೂಡಿಕೊಳ್ಳುತ್ತವೆ. ಆ ಒಂದು ಲೂಪನ್ನು ಕೈಯಾರೆ ಬರೆಯಿರಿ, ಇಲ್ಲವೇ ಮ್ಯಾಪರ್ಲಿ ಎಂಬ ಲೈಬ್ರರಿ ಬಳಸಿ. ಅದು ಕಂಪೈಲ್ ಸಮಯದಲ್ಲೇ ಕೋಡ್ ಬರೆದುಕೊಡುತ್ತದೆ. ಜಾವಾದವರಿಗೆ ಇದೇ ಥರದ ಮ್ಯಾಪ್‌ಸ್ಟ್ರಕ್ಟ್ ಇದೆ. ಅದು ಸೃಷ್ಟಿಸಿದ ಫೈಲ್ ತೆರೆದು ನೋಡಿ, ನೀವೇ ಬರೆದಂಥ ಸಾದಾ ಗೆಟ್, ಸೆಟ್ ಸಾಲುಗಳು ಇರುತ್ತವೆ. ಡೀಬಗ್ ಮಾಡುವಾಗ ಇದು ಎಷ್ಟು ಸಹಾಯ ಅಂತೀರಿ!

ಆಟೋಮ್ಯಾಪರನ್ನೇ ಇಟ್ಟುಕೊಳ್ಳುವುದಾದರೆ ಟೆಸ್ಟ್‌ನಲ್ಲಿ, ಮ್ಯಾಪ್ ಆಗದೆ ಉಳಿದ ಫೀಲ್ಡ್ ಹಿಡಿದುಕೊಡುವ ಅಸರ್ಟ್‌ಕಾನ್ಫಿಗರೇಶನ್‌ಈಸ್‌ವ್ಯಾಲಿಡ್ ಕರೆಯಲು ಮರೆಯಬೇಡಿ. ಯಾರೋ ಒಂದು ಫೀಲ್ಡ್‌ನ ಹೆಸರು ಬದಲಿಸಿದರೆ ಆಟೋಮ್ಯಾಪರ್ ಸುಮ್ನೆ ಖಾಲಿ ಬಿಟ್ಟು ಮುಂದೆ ಹೋಗಬಹುದು. ಗ್ರಾಹಕರ ಬಾಕಿ ಸೊನ್ನೆ ಎಂದು ತೋರಿದ ಮೇಲೆ ಗೊತ್ತಾಗುವುದಕ್ಕಿಂತ ಟೆಸ್ಟ್‌ನಲ್ಲೇ ಕೆಂಪು ಬರಲಿ.